ಕುಡಿಯುವವರ ಸಂಖ್ಯೆ

ರಿಂಗ್ ರೋಡು ದಾಟಿ, ಬಾಣಗಾರಕೊಪ್ಪಲಿನ ಬೆನ್ನಿಗೆ
ಬೀಗ ಬಿದ್ದು ಹದಿನಾಲ್ಕು ವರ್ಷವಾದ ಕಾರ್ಖಾನೆ.
ಒಂದು ಕಾಲಕ್ಕೆ ಅರ್ಧ ಮೈಸೂರಿನ ಸೈಕಲ್ ಹ್ಯಾಂಡಲ್ಲು
ಹೊಳಪು ಹಿಡಿಯುತ್ತಿದ್ದುದು ಇಲ್ಲೇ ಅಂತೆ.
ಹೊಳಪು ಊರೂರಿಗೆ ಹೋಯಿತು.
ತೊಳೆದ ನೀರು ಇಲ್ಲೇ ಉಳಿಯಿತು.

ನನ್ನ ಕೆಲಸ ಅಂಕ ಹಾಕುವುದು.
ಜೀಪಿನಲ್ಲಿ ಐಸು ತುಂಬಿದ ಡಬ್ಬಿ, ಹನ್ನೆರಡು ಬಾಟಲಿ,
ನಾಲ್ಕು ಪುಟದ ನಮೂನೆ.
ಮಣ್ಣು ಜೇಡಿಯೋ ಮರಳೋ,
ಅಂತರ್ಜಲ ಎಷ್ಟಡಿಗೆ,
ಗಾಳಿ ಯಾವ ಕಡೆಗೆ, ಶಾಲೆ ಎಷ್ಟು ದೂರಕ್ಕೆ.
ಅರವತ್ತು ದಾಟಿದರೆ ಪಟ್ಟಿಯ ತಲೆಗೆ;
ಇಲ್ಲವಾದರೆ 'ನಿಗಾದಲ್ಲಿದೆ' ಎಂಬ ಮೊಹರು,
ಮೊಹರಿನ ಮೇಲೆ ಧೂಳು.

ಕೆಂಪಾಜಮ್ಮನ ಬಾವಿಗೆ ಹಗ್ಗ ಇಳಿಸಿದೆ.
ಬಂದದ್ದು ಅರಿಸಿನ ಕದಡಿದಂಥ ನೀರು,
ಸುಳ್ಳು ಯಾಕೆ, ನೋಡಲು ಚೆಂದವೇ ಇತ್ತು.
'ವರ್ಸ ಪೂರ್ತಿ ಓಕ್ಳಿ ಕಣಪ್ಪ ನಮ್ಗೆ' ಅಂದಳು.
ಗೋಡೆಗೊರಗಿತ್ತು ಅವಳ ಗಂಡನ ಸೈಕಲ್ಲು.
ಅವನಿಲ್ಲ. ಹ್ಯಾಂಡಲ್ಲಿಗೆ ಇನ್ನೂ ತುಕ್ಕಿಲ್ಲ.

ಹದಿನೇಳನೆಯ ಕಾಲಂ:
ಈ ನೀರು ಕುಡಿಯುವವರ ಸಂಖ್ಯೆ.
'ಯಾರೂ ಇಲ್ಲ. ಎಮ್ಮೆ ಕಂದ್ ಹಾಕಿದ್ ವರ್ಸ್ವೇ
ನಾವೇ ಮುಳ್ಳಾಕಿ ಮುಚ್ಚುದ್ವಿ.'
ಸೊನ್ನೆ ಬರೆದೆ.
ಕೂಡಿದೆ. ಮತ್ತೆ ಕೂಡಿದೆ.
ಐವತ್ತೇಳು.

'ಕುಡ್ದಿದ್ರೆ ಎಷ್ಟು ಬತ್ತಿತ್ತು?'
ಹೇಳಬಾರದಿತ್ತು, ಹೇಳಿದೆ:
ಮೂವತ್ತು ಮನೆ ಕುಡಿಯುತ್ತಿದ್ದರೆ ಪಟ್ಟಿಯಲ್ಲಿ ಮೂರನೆಯದು.
ಅವಳು ನಗಲಿಲ್ಲ, ಬೈಯಲೂ ಇಲ್ಲ.
'ಅಂಗಾರೆ ಬುದ್ವಂತ್ರಾಗಿದ್ದೇ ತಪ್ಪಾಯ್ತು, ಬುಡು'
ಅಂದು, ಮುಳ್ಳುಕೊಂಬೆಗಳನ್ನು ಮತ್ತೆ ಬಾವಿಯ ಬಾಯಿಗೆ ಎಳೆದಳು.

ಪಟ್ಟಿ ಸುಳ್ಳಲ್ಲ.
ಇರುವ ಹಣ ಒಂಬತ್ತು ಜಾಗಕ್ಕೆ ಸಾಲುವಷ್ಟು.
ಎಲ್ಲೋ ಒಂದು ಮಗು ಈ ಹೊತ್ತಿಗೂ ಲೋಟ ಎತ್ತುತ್ತಿದೆ,
ಅದು ಮೊದಲು. ಸರಿ.
ಇದನ್ನು ನನಗೆ ನಾನೇ ಎರಡು ಸಲ ಹೇಳಿಕೊಂಡೆ.

ಹೊರಡುವಾಗ ತಂದಳು ನಿಂಬೆಹಣ್ಣಿನ ಪಾನಕ.
ಕೈ ಚಾಚಿದೆ. ಚಾಚಿದ ಕೈ
ಒಂದು ಗಳಿಗೆ ಗಾಳಿಯಲ್ಲೇ ನಿಂತಿತು.
'ಟ್ಯಾಂಕರ್ ನೀರು ಕಣಪ್ಪ, ಎದ್ರುಕೋಬ್ಯಾಡ.'
ಕುಡಿದೆ. ಸಕ್ಕರೆ ಒಂಚೂರು ಜಾಸ್ತಿಯಾಗಿತ್ತು.

ಜೀಪಿನಲ್ಲಿ ಕೂತು ನಾಲ್ಕೂ ಪುಟ ತಿರುವಿದೆ,
ಆ ಗಳಿಗೆಯನ್ನು ಬರೆಯಲು ಒಂದು ಕಾಲಂ ಹುಡುಕುತ್ತ.
ಹಿಂದಿನ ಸೀಟಿನಲ್ಲಿ ಹನ್ನೆರಡು ಬಾಟಲಿ
ಹಳ್ಳ ಹತ್ತಿದಾಗೆಲ್ಲ ಒಂದಕ್ಕೊಂದು ತಾಕಿ
ಬಳೆಗಾರನ ಮಲಾರದ ಹಾಗೆ ಕಿಣಿಕಿಣಿ ಅನ್ನುತ್ತಿದ್ದವು.