ಪೇಶಿ

ಮೂರು ಪೇಶಿ ತಪ್ಪಿಸಿದೆ. ನಾಲ್ಕನೇದಕ್ಕ
ಚಿತ್ತಾಪುರದಿಂದ ವಾರಂಟೇ ಬಂತು.

ಪೊಲೀಸ ರೇವಣಪ್ಪ ನನ್ನ ಕೂಡ ಏಳನೇ ತನಕ ಓದಿದವ;
ಹೊಸ್ತಿಲ ಹೊರಗೇ ನಿಂತು ಛಾ ಕುಡಿದ,
‘ನೀ ಮನ್ಯಾಗಿಲ್ಲ’ ಅಂತ ನನಗೇ ಹೇಳಿದ,
‘ಮುಂಜಾನೆ ಕೋರ್ಟಿನಾಗ ಇರು.’

ಸೋಲಾಪುರ ಒಂದು ರಾತ್ರಿ ದೂರ.
ಚಪ್ಪಲಿ ಹಾಕ್ಕೊಂಡು
ಬೆಳಗಾಗೋ ತನಕ ಕಟ್ಟಿಮ್ಯಾಲ ಕುಂತೆ.

ಠಾಣೆ ಗ್ವಾಡಿಗೆ, ಮಾಲಕ ಬಿಡಿಸಲಾರದ ಲಾರಿ.
ಫರಸಿ ಸಂದ್ಯಾಗ ಬೇವು ಹುಟ್ಟ್ಯಾದ.

ವಕೀಲರು ಕೇಳಿದ್ದು ಒಂದೇ:
ಪಹಣಿ ಇದ್ದ ಜಾಮೀನುದಾರ.
ನನ್ನ ಹೆಸರಿಗೆ ಗೇಣು ನೆಲ ಇಲ್ಲ.

ವಾಡಿಯಿಂದ ಪ್ಯಾಸೆಂಜರಿಗೆ ಅಕ್ಕ ಬಂದಳು,
ಮೂರು ವರ್ಷ ಮಾತು ಬಿಟ್ಟವಳು.
ಸೆರಗಿನಾಗ ನಾಲ್ಕು ಮಡಿಕಿ ಪಹಣಿ,
ಅಪ್ಪ ಆಕಿಗೆ ಬರದುಕೊಟ್ಟ ಅದೇ ಹೊಲದ್ದು.
ರೊಟ್ಟಿನೂ ತಂದಿದ್ದಳು. ಮಾತಾಡಲಿಲ್ಲ.

ಹೆಸರು ಕೂಗಿದರು,
ಅಪ್ಪನ ಹೆಸರು ಕೂಡಿಸಿ.
ಎರಡಕ್ಕೂ ನಾನೇ
‘ಇದ್ದೀನ್ರಿ’ ಅಂದೆ.