ಕಲಗಚ್ಚು

ಹಾಸನ ದಾಟಿ ಹೊಳೆನರಸೀಪುರದ ರಸ್ತೆ,
ಎಡಕ್ಕೆ ಹೊರಳಿದರೆ ನಮ್ಮ ಕೈಗಾರಿಕಾ ಪ್ರದೇಶ.
ನಕಾಶೆಯಲ್ಲಿ ಪ್ಲಾಟು ಹದಿನಾಲ್ಕು, ಆಲೂಗಡ್ಡೆ ಚಿಪ್ಸು.
ಹದಿನೇಳು, ನೂಲಿಗೆ ಗಂಜಿ ಹಾಕುವ ಶೆಡ್ಡು.
ಇಪ್ಪತ್ತೊಂದರಲ್ಲಿ ಕಾಫಿ ಹೊಟ್ಟಿನ ಗುಡ್ಡ,
ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಕಲ್ಲು.

ನನ್ನ ಕೆಲಸ ಗೆರೆ ಎಳೆಯುವುದು.
ಒಳಬರುವ ನೀರಿಗೆ ನೀಲಿ, ಉಗಿಗೆ ಕೆಂಪು,
ಹೊರಹೋಗುವುದಕ್ಕೆ ಬೂದು.
ಬೂದು ಗೆರೆಗಳೆಲ್ಲ ಕಾಂಪೌಂಡು ದಾಟಿ
ಸರ್ವೆ ನಂಬರು ತೊಂಬತ್ತರ ಖರಾಬು ಹಳ್ಳಕ್ಕೆ ಬಂದು ನಿಲ್ಲುತ್ತಿದ್ದವು.
ನಿಲ್ಲುತ್ತಿದ್ದದ್ದು ಗೆರೆ, ನೀರಲ್ಲ.

ಒಂದು ದಿನ ಹಾಗೇ, ಊಟದ ಹೊತ್ತಿನಲ್ಲಿ,
ಹದಿನಾಲ್ಕರಿಂದ ಹದಿನೇಳಕ್ಕೆ ಒಂದು ಚುಕ್ಕಿಗೆರೆ ಎಳೆದೆ.
ಹೆಚ್ಚಿದ ಗಡ್ಡೆ ತೊಳೆದ ನೀರಿನ ತಳದಲ್ಲಿ ಗಂಜಿ ಕೂರುತ್ತದೆ.
ಆರುನೂರ ನಲವತ್ತು ಮೀಟರು ಆಚೆ
ಅದೇ ಗಂಜಿಯನ್ನು ಮೂಟೆಗಟ್ಟಲೆ
ಲಾರಿಯಲ್ಲಿ ತರಿಸುತ್ತಾರೆ.

ಮೀಟಿಂಗಿನಲ್ಲಿ ಹದಿನೇಳರ ಸಂಪಂಗಯ್ಯನವರು
ಚುಕ್ಕಿಗಳ ಮೇಲೆ ಬೆರಳಿಟ್ಟು,
‘ಏನಿದ್ದರೂ ಅದು ಅವರು ತೊಳೆದ ನೀರಲ್ವೇನ್ರೀ’ ಅಂದರು.
ಎಂಜಲು ಅನ್ನಲಿಲ್ಲ.
ಅನ್ನದೆ ಬಿಟ್ಟದ್ದು ನನಗೆ ಕೇಳಿಸಿತು.

ಅವ್ವ ಸಂಜೆ ಬಕೀಟು ಹಿಡಿದು
ಮೇಲಿನ ಬೀದಿಯ ಹನ್ನೊಂದು ಹಿತ್ತಿಲು ಸುತ್ತುತ್ತಿದ್ದಳು.
ಅಕ್ಕಚ್ಚು, ಬಸಿದ ಗಂಜಿ, ಬಾಳೆಸಿಪ್ಪೆ, ಹಳಸಿದ ಹುಳಿ.
ತಾಗದ ಹಾಗೆ ಎತ್ತರದಿಂದ ಸುರಿಯುವರು,
ಅರ್ಧ ಬಕೀಟಿಗೆ, ಅರ್ಧ ಅವಳ ಸೀರೆಗೆ.
ಬಾನಿಗೆ ಮೂತಿ ಅದ್ದಿದ ಎಮ್ಮೆ
ತಳ ಕಾಣುವವರೆಗೂ ಎತ್ತುತ್ತಿರಲಿಲ್ಲ,
ಯಾರ ಮನೆಯದೆಂದು ಕೇಳುತ್ತಿರಲಿಲ್ಲ.
ಬೆಳಿಗ್ಗೆ ಹಾಲು ಡೈರಿಯ ಕ್ಯಾನಿಗೆ,
ಕ್ಯಾನಿನಿಂದ ಪೊಟ್ಟಣಕ್ಕೆ,
ಪೊಟ್ಟಣದಿಂದ ಮೇಲಿನ ಬೀದಿಯ ಕಾಫಿಗೆ.
ಅಲ್ಲಿಗೆ ಬಂದಾಗ ಅವರೂ ಕೇಳಲಿಲ್ಲ.

ಇದ್ಯಾವುದನ್ನೂ ಮೀಟಿಂಗಿನಲ್ಲಿ ಹೇಳಲಿಲ್ಲ.
ಲೆಕ್ಕ ಹೇಳಿದೆ. ಇಷ್ಟು ಲೋಡು, ಇಷ್ಟು ಡೀಸೆಲ್ಲು,
ಪೈಪಿಗೆ ಹಾಕಿದ್ದು ಇಪ್ಪತ್ತಾರು ತಿಂಗಳಲ್ಲಿ ವಾಪಸು.
ಸಂಪಂಗಯ್ಯ ತಲೆಯಾಡಿಸಿದರು.

ಪೈಪು ಬಂತು. ಹೊಟ್ಟು ಸುಡುವ ಬಾಯ್ಲರೂ ಬಂತು,
ಅದು ಮಾತ್ರ ಇನ್ನೂ ಪಳಗಿಲ್ಲ.
ಮಳೆಗಾಲಕ್ಕೆ ಹೊಟ್ಟು ಒದ್ದೆ,
ರಾತ್ರಿ ಪಾಳಿಯ ಬೋರಲಿಂಗ ಕೆಮ್ಮುತ್ತಾ ಸಲಾಕೆ ಆಡಿಸಿ
ನನ್ನ ಗೆರೆಗಳ ವಂಶಕ್ಕೇ ಶಾಪ ಹಾಕುತ್ತಾನೆ.
ಹಳ್ಳದ ನೊರೆ ಪೂರ್ತಿ ಇಳಿದಿಲ್ಲ.
ಕಪ್ಪೆ ಕೂಗಿತು ಅಂತ ಯಾರೋ ಅಂದರು.
ನನಗೆ ಕೇಳಿಸಿಲ್ಲ.

ಇವತ್ತು ನಾಲ್ಕನೇ ಜಾಯಿಂಟು ಸೋರುತ್ತಿದೆ ಅಂತ ಫೋನು.
ಹೋಗಿ ನೋಡಿದರೆ
ಬೇಲಿ ನುಗ್ಗಿ ಬಂದ ಎಮ್ಮೆಯೊಂದು
ಬಿಳಿಚು ನೀರಿಗೆ ಮೂತಿ ಇಟ್ಟು, ಕಣ್ಣು ಅರೆಮುಚ್ಚಿ.
ದಿನಕ್ಕೆ ಮೂರು ಕೊಡದಷ್ಟು ಆದೀತು.
ನಷ್ಟದ ಕಾಲಮ್ಮಿನಲ್ಲಿ ಬರೆಯಬೇಕು.
ಸ್ಪ್ಯಾನರು ಚೀಲದಲ್ಲೇ ಇದೆ,
ಪೆನ್ನಿನ ಮುಚ್ಚಳ ತೆಗೆದಿದ್ದೇನೆ,
ಅದು ಕುಡಿದು ಮುಗಿಸಲಿ ಅಂತ ನಿಂತಿದ್ದೇನೆ.