ತಿರುವಿನವಳು

ಎಲ್ಲ ಫೋಟೋಗಳಲ್ಲೂ ನಾನಿದ್ದೇನೆ.
ಬಾಯಿ ತೆರೆದು, ಎದೆ ಮುಂದೆ ಚಾಚಿ
ಗೆರೆ ದಾಟುತ್ತಿರುವವಳು ನಾನು.
ನೂರು ಮೀಟರು ಹಿಂದೆ, ಚೌಕಟ್ಟಿನ ಆಚೆ,
ಮಂಡಿ ಹಿಡಿದು ಬಾಗಿ
ಉಸಿರು ಹುಡುಕುತ್ತಿದ್ದವಳು
ರುಕೇವ್ವೆ.

ಸಪೇಲೆಯವಳು.
ದಿಮ್ಮಿಗಳು ಹೊಳೆಯಲ್ಲಿ ತೇಲಿಬಂದು
ಗರಗಸಕ್ಕೆ ಸರದಿ ಕಾಯುವ ಊರು.
ಮಿಲ್ಲಿನ ಹಿಂದೆ ಹೊಟ್ಟು ಸುರಿದ ಬಯಲೇ ಮೊದಲ ಟ್ರ್ಯಾಕು.
ಬಿದ್ದರೆ ನೋವಿಲ್ಲ,
ಎದ್ದರೆ ಕೂದಲಲ್ಲೆಲ್ಲ ಹಸಿಮರದ ವಾಸನೆ.
ಮರಗೆಣಸು ತುರಿದು, ಹುರಿದು, ಗಾರಿ ಮಾರುತ್ತಿದ್ದ ತಾಯಿ
ಕೊಂಡುಕೊಟ್ಟ ಸ್ಪೈಕು ಎರಡಂಗುಲ ದೊಡ್ಡದು.
ತುದಿಗೆ ಹಳೆಯ ಪೇಪರು ತುರುಕಿ
ಯಾರೋ ಮಂತ್ರಿಯ ಮುಖ ಮೆಟ್ಟಿ ಓಡಿದಳು
ಎರಡು ವರ್ಷ.

ಅವರಲ್ಲಿ ಬೆಳಿಗ್ಗೆ ಹಿರಿಯರ ಮುಂದೆ ಮಂಡಿಯೂರಿ
'ಮಿಗ್ವೊ' ಅನ್ನಬೇಕು: ಮಂಡಿಯ ಮೇಲಿದ್ದೇನೆ.
ಹಿರಿಯರು 'ವ್ರೆಂದೊ' ಅನ್ನಬೇಕು: ಏಳು.
"ಅದಕ್ಕೇ ಪಿಸ್ತೂಲು ನನಗೆ ಹೊಸದನ್ನಿಸಲಿಲ್ಲ,
ಏಳು ಅನ್ನುವಾಗ ಅದಕ್ಕೆ ಸ್ವಲ್ಪ ಕೋಪ ಜಾಸ್ತಿ, ಅಷ್ಟೆ"
ಎಂದಿದ್ದಳು ಬೆನಿನ್ ರಸ್ತೆಯ ಬಸ್ಸಿನಲ್ಲಿ
ಎರಡು ಸೀಟಿಗೆ ಮೂವರು ಕೂತು, ಬೆಂದ ಮೊಟ್ಟೆ ಸುಲಿಯುತ್ತ.
ನಾನು ಕಲಬಾರಿನವಳು. ನನಗೆ ಅವಳ ಮಾತು ಬಾರದು.
ಆ ಎರಡು ಪದ ಮಾತ್ರ ಆಗ ಕಲಿತೆ.

ಇನ್ನೂರು ಮೀಟರಿನಲ್ಲಿ ಒಮ್ಮೆ ಫೈನಲಿಗೆ ಬಂದಳು.
ಎಂಟನೆಯ ಲೇನು,
ಮುಂದೆ ಯಾರೂ ಇಲ್ಲದ, ಹಿಂದೆ ಎಲ್ಲರೂ ಇರುವ ಲೇನು.
ಏಳನೆಯವಳಾದಳು.
ಊರಿನ ರೇಡಿಯೋ ಆರರವರೆಗೆ ಹೆಸರು ಓದಿತು.

ಆಮೇಲೆ ಕೋಚ್ ಒಸರೋಬೊ ಅವಳನ್ನು ರಿಲೇಯ ಮೂರನೆಯವಳಾಗಿಸಿದ.
ತಿರುವು ಎಲ್ಲರನ್ನೂ ಹೊರಕ್ಕೆ ಒಗೆಯುತ್ತದೆ,
ಇವಳೊಬ್ಬಳನ್ನು ಒಳಗೆ ಕರೆಯುತ್ತದೆ, ಎಂದ.
ನಿಜ. ಕೊಡ ಹೊತ್ತವಳು ಓಣಿ ತಿರುಗುವ ಹಾಗೆ
ಒಂದು ಹನಿ ಚೆಲ್ಲದೆ ಬರುತ್ತಿದ್ದಳು.
ನಾನು ಹಿಂದೆ ನೋಡುವಂತಿಲ್ಲ.
ಕೈ ಹಿಂದಕ್ಕೆ ಚಾಚಿರಬೇಕು, ನಂಬಿರಬೇಕು.
"ಕೈ!" ಎಂಬ ಕೂಗು, ಅಂಗೈಯಲ್ಲಿ ಬೆವರಿದ ಕೊಳವೆ,
ಅಷ್ಟೇ ನಮ್ಮ ಸಂಬಂಧ, ಒಂಬತ್ತು ವರ್ಷ.

ಭತ್ಯೆ ಬರಲಿಲ್ಲ ಎರಡು ಋತು.
ಒಂದು ವೀಸಾ ಓಟ ಮುಗಿದ ಮರುದಿನ ಬಂತು.
ಕರೆಂಟಿಲ್ಲದ ಹಾಸ್ಟೆಲಿನಲ್ಲಿ
ನಾಲ್ವರ ಬನಿಯನ್ನು ಅವಳೇ ಒಗೆದು ಕಿಟಕಿಗೆ ಒಣಹಾಕುತ್ತಿದ್ದಳು.
ಕೈಕೊಟ್ಟವರು ಎಷ್ಟೋ ಜನ.
ಅವಳು ಮಾತ್ರ ಕೈಗೇ ಕೊಟ್ಟಳು.

ಆ ಸಂಜೆಯೊಂದನ್ನು ಬಿಟ್ಟು.

ಕೊಳವೆ ಬಿತ್ತು, ಟಣ್ ಟಣ್ ಎಂದು ಉರುಳಿತು,
ಪಕ್ಕದ ಲೇನಿನವಳು ಅದನ್ನು ಹಾರಿ ದಾಟಿದಳು.
ಮೈಕು ಹಿಡಿದು ಬಂದವರಿಗೆ ರುಕೇವ್ವೆ ಅಂದಳು:
"ನನ್ನ ಕೈ ಜಾರಿತು."
ಜಾರಿರಲಿಲ್ಲ.
ನೆಲಕ್ಕೆ ಅಂಟಿಸಿದ್ದ ಗುರುತನ್ನು ಅವಳು ಮುಟ್ಟುವ ಮೊದಲೇ
ಎರಡು ಹೆಜ್ಜೆ ಮೊದಲೇ
ಓಡಿದ್ದೆ ನಾನು.
ಕ್ಯಾಮೆರಾ ಆಗ ಗೆಲ್ಲುವವರ ಮೇಲಿತ್ತು.
ಮುಂದಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ನನ್ನದಿತ್ತು.
ಅದರ ಮುಂದಿನದರಲ್ಲೂ.

ಈಗ ಉಗೆಲ್ಲಿಯ ಒಂದು ಶಾಲೆಯಲ್ಲಿದ್ದಾಳೆ.
ಹೇಳಿಬಿಡಬೇಕೆಂದೇ ಹೋದೆ ಹನ್ನೊಂದು ವರ್ಷದ ಮೇಲೆ,
ದಾರಿಯುದ್ದ ವಾಕ್ಯ ಜೋಡಿಸಿಕೊಂಡು.
ಕೆಂಪು ಮಣ್ಣಿನ ಮೇಲೆ ಹುಡುಗಿಯರು ಮಂಡಿಯೂರಿದ್ದರು.
ಪಿಸ್ತೂಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತು
"ವ್ರೆಂದೊ!" ಎಂದು ಕೂಗಿದಳು ರುಕೇವ್ವೆ;
ಹಿಂಡು ಎದ್ದಿತು.
ನನ್ನನ್ನು ಕಂಡು ಆಶ್ಚರ್ಯಪಡಲೂ ಇಲ್ಲ ಮಹಾರಾಯ್ತಿ.
"ಒಳ್ಳೇದಾಯ್ತು ಬಂದೆ. ನಾಲ್ಕನೆಯ ಹುಡುಗಿಗೆ ಜ್ವರ,
ಹೋಗಿ ಅಲ್ಲಿ ನಿಲ್ಲು."

ಚಪ್ಪಲಿ ಬಿಟ್ಟು ನಿಂತೆ.
ಗುರುತಿಗೆ ಒಂದು ಬಾಟಲಿಯ ಮುಚ್ಚಳ.
ತಿರುವಿನಲ್ಲಿ ಬರುತ್ತಿದ್ದಳು ಹನ್ನೆರಡರ ಪೋರಿ
ಕೊಯ್ದ ನೀರಿನ ಪೈಪು ಹಿಡಿದು.
ಬರಲಿ. ಮುಚ್ಚಳ ದಾಟಲಿ.
ದಾಟಿದಳು. ಇನ್ನೂ ನಿಂತೇ ಇದ್ದೆ.
ಬೆನ್ನಿಗೆ ಬಂದು ಡಿಕ್ಕಿ ಹೊಡೆದಳು,
ಇಬ್ಬರೂ ಧೂಳಲ್ಲಿ.

"ಈ ಸಲ ತಡ!" ಎಂದು ಕೂಗಿದಳು ರುಕೇವ್ವೆ
ಮೈದಾನದ ಆ ತುದಿಯಿಂದ.

ಈ ಸಲ, ಅಂದಳು.
ಮಂಡಿಯ ಮೇಲೇ ಇದ್ದೆ ನಾನು.